ನೂರು ಜನರಿಗೆ ಎದುರಾಗಿ ನಿಲ್ಲುವವನು

ಚಿರಂಜೀವಿ ಮಗನಿಗೆ,

ಮನೆಮಾತನ್ನು ಪತ್ರಿಕೆಗೆ ಕೊಟ್ಟನಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಿದರೆ ‘ಆಯ್ತು ದೊಡ್ಡಪ್ಪ’ ಅಂದು ಇಟ್ಟುಬಿಡುತ್ತೀಯ. ಅಲ್ಲದೆ ನಮ್ಮ ತಾಲ್ಲೂಕಿನಲ್ಲಿ ನಿನ್ನಂಥ ಹುಡುಗರು ಬೇಕಾದಷ್ಟು ಇದ್ದಾರೆ. ಅವರೂ ಓದಲಿ.

ನಿನ್ನ ತಂಗಿ ನಿನ್ನ ವಿಡಿಯೊ ತೋರಿಸಿದಳು. ನೂರು ಜನ ಬರಿಗೈಯಲ್ಲಿ ಒಂದು ಗೊರಿಲ್ಲಾವನ್ನು ಸೋಲಿಸಬಲ್ಲರೇ ಅಂತ 2025ರ ಏಪ್ರಿಲ್‌ನಲ್ಲಿ ಊರೂರೆಲ್ಲ ವಾದ ಎದ್ದಿತ್ತಲ್ಲ, ಅದನ್ನೇ ಇಟ್ಟುಕೊಂಡು ನೀನೂ ನಿನ್ನ ಗೆಳೆಯರೂ ಅರ್ಧ ಗಂಟೆ ಮಾತಾಡಿದ್ದೀರಿ. ಅಷ್ಟಕ್ಕೇ ನಿಂತಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಕೊನೆಗೆ ‘ಮುಂದಿನ ಸಲ ನೂರು ಜನ, ಒಂದು ಒಂಟಿಸಲಗ, ಕಾಡಂಚಿನಲ್ಲೇ ಶೂಟಿಂಗು’ ಅಂದೆಯಲ್ಲ, ಅದನ್ನು ಕೇಳಿ ಮೈ ಉರಿದುಹೋಯಿತು. ಆಮೇಲೆ ಹೆದರಿಕೆ ಶುರುವಾಯಿತು.

ಗೊರಿಲ್ಲಾದ ಮಾತು ಮೊದಲು ಮುಗಿಸುತ್ತೇನೆ. ಬೆನ್ನ ಮೇಲೆ ಬೆಳ್ಳಿ ಕೂದಲು ಬಂದ ಗಂಡು 150ರಿಂದ 200 ಕೆ.ಜಿ. ತೂಗುತ್ತದೆ. ತಿನ್ನುವುದು ಎಲೆ, ದಂಟು, ಚಿಗುರು, ಹಣ್ಣು. ಎದೆ ಬಡಿದುಕೊಂಡು ಮೈಮೇಲೆ ಬರುವುದು ಹೆಚ್ಚಿನ ಸಲ ಹೆದರಿಸಿ ಓಡಿಸುವುದಕ್ಕೆ. ರುವಾಂಡಾದ ಬೆಟ್ಟಗಳಲ್ಲಿ ಡಯಾನ್ ಫಾಸ್ಸಿ ಎಂಬ ಹೆಣ್ಣುಮಗಳು ವರ್ಷಗಟ್ಟಲೆ ಇವುಗಳ ಜೊತೆಗಿದ್ದು ಅಧ್ಯಯನ ಮಾಡಿದರು. ಅವರು ಡಿಜಿಟ್ ಎಂದು ಹೆಸರಿಟ್ಟಿದ್ದ ಗಂಡು ಗೊರಿಲ್ಲಾವನ್ನು 1977ರ ಡಿಸೆಂಬರ್ 31ರಂದು ಕಳ್ಳಬೇಟೆಯವರು ಕೊಂದರು. ನೂರು ಜನ ಬಂದಿರಲಿಲ್ಲ, ಬಂದವರು ಆರೇ ಮಂದಿ. ಕೈಯಲ್ಲಿ ಈಟಿ ಇತ್ತು, ಜೊತೆಗೆ ನಾಯಿಗಳಿದ್ದವು. ಐದು ಇರಿತ ತಿಂದರೂ ಅದು ಅಡ್ಡ ನಿಂತೇ ಇತ್ತು, ಅಷ್ಟರಲ್ಲಿ ಅದರ ಬಳಗ ಪಾರಾಯಿತು. ನಿಮ್ಮ ವಾದದಲ್ಲಿ ‘ಬರಿಗೈ’ ಅಂತ ಷರತ್ತು ಹಾಕಿಕೊಂಡಿದ್ದೀರಿ. ಪ್ರಾಣಿಯ ಮೇಲೆ ಬಿದ್ದ ಮನುಷ್ಯ ಯಾವತ್ತು ಬರಿಗೈಯಲ್ಲಿ ಹೋಗಿದ್ದಾನೆ? ಯಾರು ಗೆಲ್ಲುತ್ತಾರೆ ಅನ್ನುವುದು ಎಂದೋ ತೀರ್ಮಾನವಾಗಿದೆ ಮಗ.

ನಾನಂತೂ ಅದನ್ನು ಕಣ್ಣಾರೆ ಕಂಡವನು. 1971ರಲ್ಲಿ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆದಾಗ ನನಗೆ ಹದಿನಾಲ್ಕು ವರ್ಷ. ಮೈಸೂರು ಸೀಮೆಯಲ್ಲಿ ಇದನ್ನು 1870ರ ದಶಕದಲ್ಲಿ ಶುರುಮಾಡಿದವನು ಸ್ಯಾಂಡರ್ಸನ್ ಎಂಬ ಇಂಗ್ಲಿಷಿನವನು. ನಿನ್ನ ತಾತ ಆ ಸಲ ತಮಟೆ ಬಡಿಯುವವರ ಗುಂಪಿನಲ್ಲಿ ಕೂಲಿಗೆ ಸೇರಿದ್ದರು. ನೂರಾರು ಜನ ಕಾಡನ್ನು ಸುತ್ತುಗಟ್ಟುವುದು, ರಾತ್ರಿಯೆಲ್ಲ ಬೆಂಕಿ ಹಾಕಿ ಕಾಯುವುದು, ಹಗಲು ತಮಟೆ, ಕೋವಿ, ಕೂಗಾಟದಿಂದ ಹಿಂಡನ್ನು ಒಂದೇ ದಿಕ್ಕಿಗೆ ನೂಕುವುದು. ಆನೆಗಳು ಹೊಳೆಗಿಳಿದು ದಾಟಬೇಕು, ದಪ್ಪ ದಿಮ್ಮಿ ನೆಟ್ಟ ಆವರಣಕ್ಕೆ ನುಗ್ಗಬೇಕು, ಹಿಂದೆ ಬಾಗಿಲು ಬೀಳಬೇಕು. ಆಮೇಲೆ ಪಳಗಿದ ಆನೆಗಳ ಮೇಲೆ ಮಾವುತರು ಒಳಹೊಕ್ಕು ಒಂದೊಂದಕ್ಕೂ ಹಗ್ಗ ಬಿಗಿಯುತ್ತಿದ್ದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಹೊಳೆ. ದೊಡ್ಡ ಹೆಣ್ಣಾನೆಗಳು ಮರಿಗಳನ್ನು ನಡುವೆ ಹಾಕಿಕೊಂಡು ಸೊಂಡಿಲೆತ್ತಿ ಈಜುತ್ತಿದ್ದರೆ ದಡದಲ್ಲಿ ಜನ ಸೀಟಿ ಹೊಡೆಯುತ್ತಿದ್ದರು. ಅಪ್ಪ ಆ ರಾತ್ರಿ ಮುದ್ದೆ ಮುರಿಯಲಿಲ್ಲ. ‘ಇಷ್ಟು ಜನ ಸೇರಿ ಮಾಡೋದು ಇದೇನು ಗಂಡಸ್ತನವೋ’ ಅಂದರು. ಮುಂದೆ ಅವರು ಆ ಮಾತೇ ಎತ್ತಲಿಲ್ಲ. ಮರುವರ್ಷ ವನ್ಯಜೀವಿ ಕಾಯ್ದೆ ಬಂತು. ಆ ಹೊಳೆದಂಡೆಯ ಜಾಗವೂ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು.

ಕಾಕನಕೋಟೆಯಲ್ಲೇ 1968ರ ಖೆಡ್ಡಾದಲ್ಲಿ ಸಿಕ್ಕಿದವನು ನಮ್ಮ ದಸರಾ ಆನೆ ಅರ್ಜುನ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕೆ.ಜಿ. ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಹಿಡಿಯುವಾಗ ಸಲಗವೊಂದು ತಿರುಗಿಬಿತ್ತು. ಅರವತ್ತು ದಾಟಿದ ಅರ್ಜುನ ನಮ್ಮ ಕಡೆ ನಿಂತು ಕಾದಾಡಿ ಸತ್ತ. ಟಿ.ವಿ. ಮುಂದೆ ಕೂತು ನಾನು ಅತ್ತದ್ದು ನಿನಗೂ ಗೊತ್ತು. ನೀನೂ ಅತ್ತಿದ್ದೆ ಕಣೋ, ಮರೆತೆಯಾ?

ವಾಚರ್ ಆಗಿ ದಿನಗೂಲಿಗೆ ಸೇರಿದ ನಾನು ಫಾರೆಸ್ಟರ್ ಆಗಿ ನಿವೃತ್ತನಾಗುವವರೆಗೂ ಇದೇ ಆನೆಗಳ ಹಿಂದೆ ಅಲೆದವನು. ರಾಗಿ ತೆನೆ ಕಟ್ಟಿತೆಂದರೆ ನಮಗೆ ನಿದ್ದೆಯಿಲ್ಲ. ಕಂದಕ ತೋಡಿದರೆ ಮಣ್ಣು ತಳ್ಳಿ ದಾಟುತ್ತವೆ, ಸೋಲಾರ್ ತಂತಿಯ ಮೇಲೆ ಮರ ಕೆಡವಿ ದಾಟುತ್ತವೆ. ಹಾಗಂತ ಆನೆ ನನಗೆ ಯಾವತ್ತೂ ಮೋಸ ಮಾಡಿಲ್ಲ. ಕಿವಿ ಬಿಚ್ಚಿದಾಗ, ಬಾಲ ಸೆಟೆಸಿದಾಗ ಅದರ ಮನಸ್ಸು ತಿಳಿಯುತ್ತದೆ. ತಿಳಿಯದೆ ಇದ್ದದ್ದು ಜನರ ಗುಂಪು. ಒಂದು ಸಲ ಹೀಗೇ ಬೆಳಗಾಗುವಷ್ಟರಲ್ಲಿ ಕಬ್ಬಿನ ಗದ್ದೆಯಲ್ಲಿ ಒಂಟಿಸಲಗ ಸಿಕ್ಕಿಹಾಕಿಕೊಂಡಿತ್ತು. ಸಂಜೆಯವರೆಗೆ ಅದರ ಪಾಡಿಗೆ ಬಿಟ್ಟಿದ್ದರೆ ಕತ್ತಲಲ್ಲಿ ತಾನೇ ಕಾಡು ಸೇರುತ್ತಿತ್ತು. ಹೊತ್ತೇರುವಷ್ಟರಲ್ಲಿ ಜಾತ್ರೆಯಷ್ಟು ಜನ. ಮರದ ಮೇಲೆ, ಟ್ರ್ಯಾಕ್ಟರ್ ಮೇಲೆ, ಪಂಪ್‌ಸೆಟ್ ಮನೆ ಮೇಲೆ. ನಮ್ಮ ಹುಡುಗರು ಆನೆಗೆ ಬೆನ್ನು ಕೊಟ್ಟು ಜನರ ಕಡೆ ಮುಖ ಮಾಡಿ ಸಾಲಾಗಿ ನಿಂತು, ‘ಹಿಂದೆ ಸರೀರಪ್ಪ, ಕೈ ಮುಗೀತೀವಿ’ ಅನ್ನುತ್ತಿದ್ದರು. ಗುಂಪಿನೊಳಗಿಂದ ಯಾರೋ ಪಟಾಕಿ ಸರ ಹಚ್ಚಿ ಎಸೆದ. ಸಲಗ ಸದ್ದು ಬಂದ ಕಡೆಗೇ ನುಗ್ಗಿತು. ನನ್ನ ಪಕ್ಕದಲ್ಲಿದ್ದ ವಾಚರ್‌ಗೆ ಹಿಂತಿರುಗಿ ನೋಡುವಷ್ಟು ಹೊತ್ತೂ ಸಿಗಲಿಲ್ಲ. ಅವನ ಹೆಂಡತಿ ಏಳು ತಿಂಗಳ ಬಸುರಿ. ಆನೆ ತುಳಿದು ಸಾವು ಎಂದು ಕಾಗದದಲ್ಲಿ ಬರೆದರು. ಪಟಾಕಿ ಎಸೆದವನ ಹೆಸರು ಎಲ್ಲೂ ಬರಲಿಲ್ಲ.

ಆ ನೂರು ಜನರಲ್ಲಿ ಒಬ್ಬನಾಗಲು ಹೊರಟಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ ನಿನಗೆ? 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಸೆಲ್ಫಿಗೆ ಇಳಿದವನನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿದದ್ದೇ ಪುಣ್ಯ, ಮೇಲೆ 25,000 ರೂಪಾಯಿ ದಂಡ ಕಟ್ಟಿದ. ಅದರ ವಿಡಿಯೊವನ್ನೂ ನೀವು ನಗುತ್ತಾ ಹಂಚಿದಿರಿ. ಆ ಆನೆ ಆಮೇಲೆ ದಿನವೂ ಅದೇ ರಸ್ತೆ ದಾಟಬೇಕು, ಅದೇ ರಸ್ತೆಯಲ್ಲಿ ಹಾಡಿಯ ಮಕ್ಕಳೂ ನಡೆಯಬೇಕು ಎಂದು ಒಬ್ಬನಿಗೂ ಹೊಳೆಯಲಿಲ್ಲವೇ?

ಜೋರಾಗಿ ಬೈದೆ. ಇರಲಿ, ಇನ್ನು ಸಮಾಧಾನದಿಂದ ಹೇಳುತ್ತೇನೆ.

ವಿಡಿಯೊ ಚಾನೆಲ್ ನಡೆಸುವುದೋ, ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಸೇರುವುದೋ, ತೀರ್ಮಾನ ನಿನ್ನದು. ಎರಡನ್ನೂ ತೂಗಿಯೇ ನೋಡು. ಚಾನೆಲ್ಲಿನಲ್ಲಿ ದುಡ್ಡಿದೆ, ನಿನಗೆ ಮಾತೂ ಬರುತ್ತದೆ, ನಿಜ. ಗಾರ್ಡ್ ಆದರೆ ಕ್ಯಾಂಪಿನಲ್ಲಿ ಜಿಗಣೆ, ನೆಟ್‌ವರ್ಕ್ ಇಲ್ಲದ ರಾತ್ರಿಗಳು, ಹಬ್ಬಕ್ಕೆ ಸಿಗದ ರಜೆ. ಬೆಳೆ ಕಳೆದುಕೊಂಡ ರೈತ ಬಾಯಿಗೆ ಬಂದಂತೆ ಬೈಯುತ್ತಾನೆ, ಬೈಸಿಕೊಳ್ಳಬೇಕು. ಅವನ ಸಿಟ್ಟೂ ನ್ಯಾಯವೇ. ನನಗೆ ಬರುವಂಥ ಪಿಂಚಣಿಯೂ ನಿನಗಿಲ್ಲ. ಇದನ್ನೆಲ್ಲ ಮುಚ್ಚಿಡುವುದಿಲ್ಲ.

ಆದರೆ ಒಂದು ಲೆಕ್ಕ ಕೇಳು. ಬೆಟ್ಟದ ಗೊರಿಲ್ಲಾಗಳು 2018ರ ಹೊತ್ತಿಗೆ ಸಾವಿರ ದಾಟಿ 1,063 ಆದವು. ಒಂದು ಕಾಲಕ್ಕೆ ಅಳಿದೇಹೋಗುತ್ತವೆ ಅಂದುಕೊಂಡಿದ್ದ ಸಂತತಿ. ಕಾಂಗೋದ ವಿರುಂಗಾ ಕಾಡೊಂದರಲ್ಲೇ ಕಾವಲು ಕೆಲಸದಲ್ಲಿ 200ಕ್ಕೂ ಹೆಚ್ಚು ಸಿಬ್ಬಂದಿ ಪ್ರಾಣ ಕೊಟ್ಟಿದ್ದಾರೆ. ನಮ್ಮ ರಾಜ್ಯದಲ್ಲಿ 2023ರ ಗಣತಿಯಂತೆ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ನೂರು ಜನ ಗೆಲ್ಲುತ್ತಾರೋ ಒಂದು ಪ್ರಾಣಿ ಗೆಲ್ಲುತ್ತದೋ ಎಂದು ನೀವು ಕೇಳಿದಿರಿ. ಆ ನೂರು ಜನರ ಮುಂದೆ ಪ್ರಾಣಿಗೆ ಬೆನ್ನು ಕೊಟ್ಟು ನಿಲ್ಲುವವನೊಬ್ಬ ಇರುತ್ತಾನಲ್ಲ, ನಿಮ್ಮ ಅರ್ಧ ಗಂಟೆಯಲ್ಲಿ ಅವನ ಸುದ್ದಿಯೇ ಇಲ್ಲ. ಜನರ ಜೊತೆ ಮಾತಾಡಿ ಒಪ್ಪಿಸಬಲ್ಲವನು ಅಲ್ಲಿ ಬೇಕು. ಕೋವಿ ಹಿಡಿಯುವವರು ಸಿಗುತ್ತಾರೆ, ಮಾತು ಬಲ್ಲವರು ಸಿಗುವುದಿಲ್ಲ. ನಿನ್ನ ಮಾತು ಅಲ್ಲಿ ಬಳಕೆಗೆ ಬಂದರೆ ಎಷ್ಟು ಜೀವ ಉಳಿದೀತು ಎಂದು ನನಗೆ ಆಸೆ.

ನಿಮ್ಮಪ್ಪನ ಹತ್ತಿರ ನಾನು ಮಾತಾಡಿದ್ದೇನೆ, ಅವನ ಚಿಂತೆ ಬಿಡು. ಆ ಶೂಟಿಂಗಿಗೆ ಮಾತ್ರ ಹೋಗಬೇಡ, ಗೆಳೆಯರನ್ನೂ ತಡಿ. ಗಾರ್ಡ್ ಕೆಲಸದ ಓಟದ ಪರೀಕ್ಷೆಗೆ ಡಾಂಬರು ರಸ್ತೆ ಮೇಲೆ ಓಡಿ ಮಂಡಿ ಕೆಡಿಸಿಕೊಳ್ಳಬೇಡ, ಹೈಸ್ಕೂಲ್ ಮೈದಾನದಲ್ಲಿ ಓಡು. ಭಾನುವಾರ ಬಾ, ಬಳ್ಳೆ ಆನೆ ಶಿಬಿರದ ಕಡೆ ಹೋಗಿಬರೋಣ. ಅಲ್ಲಿನ ಮಾವುತರು ನನ್ನ ಹಳೆಯ ಗೆಳೆಯರು, ನಿನಗೆ ಏನು ಕೇಳಬೇಕೋ ಅವರನ್ನೇ ಕೇಳುವೆಯಂತೆ. ದೊಡ್ಡಮ್ಮ ಬಸ್ಸಾರು ಮಾಡಿಡುತ್ತಾಳೆ.

ನಿನ್ನ ದೊಡ್ಡಪ್ಪ