ಎರಡು ಸಾವಿರ ರೂಪಾಯಿಯ ಯಾತ್ರೆ: ಏಳನೇ ತರಗತಿಯ ಶೇಕಡಾ ಪಾಠದ ಅನುಭವ

ತರಗತಿ: 7. ವಿಷಯ: ಗಣಿತ. ಘಟಕ: ಶೇಕಡಾ ಮತ್ತು ಅದರ ಅನ್ವಯ. ಅವಧಿ: 40 ನಿಮಿಷದ ಎರಡು ತರಗತಿ (ಕೊನೆಗೆ ಮೂರಾಯಿತು). ಕಲಿಕೋಪಕರಣ: ಬಸ್ಸಿನ ಹಳೆಯ ಟಿಕೆಟ್‌ಗಳು, ಜಿಲ್ಲೆಯ ನಕ್ಷೆ, ಖಾಲಿ ಖರ್ಚಿನ ಪಟ್ಟಿ.

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹಾಸನದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆ. ಹೆಚ್ಚಿನ ಮಕ್ಕಳ ತಂದೆ ತಾಯಿ ಶುಂಠಿ ಹೊಲಕ್ಕೆ, ಕಾಫಿ ತೋಟಕ್ಕೆ ಕೂಲಿಗೆ ಹೋಗುವವರು. ಶೇಕಡಾ ಪಾಠಕ್ಕೆ ಲಾಭ ನಷ್ಟದ ಅಂಗಡಿ ಲೆಕ್ಕಗಳನ್ನೇ ಮತ್ತೆ ಮಾಡಿಸುವ ಬದಲು, ಮನೆಯಲ್ಲಿ ನಿಜವಾಗಿ ಮಾತಿಗೆ ಬರುವ ಖರ್ಚೊಂದನ್ನು ತೆಗೆದುಕೊಳ್ಳೋಣ ಎನ್ನಿಸಿತು. ಧರ್ಮಸ್ಥಳ ಮತ್ತು ಕುಕ್ಕೆ ಸುಬ್ರಹ್ಮಣ್ಯ ಈ ಭಾಗದ ಮನೆಗಳಲ್ಲಿ ಸದಾ ಮಾತಿನಲ್ಲಿರುವ ಊರುಗಳು. ಶಿರಾಡಿ ಘಾಟಿ ಇಳಿದರೆ ಎರಡೂ ಸಿಕ್ಕುತ್ತವೆ. ಐದು ಜನರ ಕುಟುಂಬ, ಎರಡು ದಿನ, ಕೈಯಲ್ಲಿ 2,000 ರೂ. ಇಷ್ಟರಲ್ಲಿ ಹೋಗಿಬರಲು ಸಾಧ್ಯವೇ ಎಂಬುದು ಸಮಸ್ಯೆ.

ತೊಡಗಿಸಿಕೊಳ್ಳುವ ಹಂತದಲ್ಲೇ ಎಡವಿದೆ. ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಮೊದಲ ಪ್ರಶ್ನೆ, "ನೀವು ಯಾವ ಯಾವ ಯಾತ್ರೆಗೆ ಹೋಗಿದ್ದೀರಿ?" ಎಂಬುದು. ಮುಂದಿನ ಬೆಂಚಿನ ಐದಾರು ಮಕ್ಕಳು ತಿರುಪತಿ, ಶೃಂಗೇರಿ, ಹೊರನಾಡು ಎಂದು ಹೇಳುತ್ತಾ ಹೋದರು. ಉಳಿದವರು ಪುಸ್ತಕ ನೋಡುತ್ತಾ ಕುಳಿತರು. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಈ ಪ್ರಶ್ನೆಗೆ ಉತ್ತರಿಸಲು ಗಣಿತ ಬೇಕಿಲ್ಲ, ದುಡ್ಡು ಬೇಕು. ಓದಿದಾಗ ಮುಖ ಬಿಸಿಯಾಯಿತು. ಆದರೆ ಅವರು ಬರೆದದ್ದು ಸರಿಯಾಗಿತ್ತು.

ಮರುದಿನ ಪ್ರಶ್ನೆ ಬದಲಿಸಿದೆ. "ನಿಮ್ಮ ಮನೆಯಲ್ಲಿ 'ಒಂದ್ಸಲ ಹೋಗಿ ಬರಬೇಕು' ಅಂತ ಮಾತಾಡ್ತಾ ಇರೋ ಊರು ಯಾವುದು?" ಈ ಸಲ ಕೈ ಎತ್ತದ ಮಗುವೇ ಇರಲಿಲ್ಲ. ಒಬ್ಬ ಹುಡುಗ ಉಳ್ಳಾಲದ ದರ್ಗಾ ಎಂದ. ಒಬ್ಬಳು ಮಂತ್ರಾಲಯ ಎಂದಳು. ಕೊನೆಯ ಬೆಂಚಿನ ಹುಡುಗಿಯೊಬ್ಬಳು, "ಕುಕ್ಕೆ ಮಿಸ್. ಅಜ್ಜಿ ಮುಡಿಪು ಕಟ್ಟಿಟ್ಟು ನಾಲ್ಕು ವರ್ಷ ಆಯ್ತು" ಎಂದಳು. ತರಗತಿಯನ್ನು ಐದು ಗುಂಪು ಮಾಡಿ, ಪ್ರತಿ ಗುಂಪೂ ತಾನೇ ಊರು ಆರಿಸಿಕೊಳ್ಳಲಿ ಎಂದು ಬಿಟ್ಟೆ. ಎಲ್ಲರೂ ದೇವಸ್ಥಾನಕ್ಕೇ ಹೋಗಬೇಕೆಂದಿಲ್ಲ, ಲೆಕ್ಕದ ಕ್ರಮ ಒಂದೇ. ಮೂರು ಗುಂಪುಗಳು ಧರ್ಮಸ್ಥಳ ಮತ್ತು ಕುಕ್ಕೆಯನ್ನು ಆರಿಸಿಕೊಂಡವು. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಅವುಗಳ ಲೆಕ್ಕ.

ಬಸ್ ದರವನ್ನು ಮಕ್ಕಳೇ ವಿಚಾರಿಸಿಕೊಂಡು ಬಂದರು. ಲೆಕ್ಕ ಸುಲಭವಾಗಲೆಂದು ನಾವು ಅಂಕಿಗಳನ್ನು ಸುತ್ತಿಕೊಂಡೆವು. ಆದ್ದರಿಂದ ಇವು ಪಾಠದ ದರಗಳು, ನಿಲ್ದಾಣದ ದರಪಟ್ಟಿಯಲ್ಲ. ಊರಿನಿಂದ ಹಾಸನ 20 ರೂ., ಹಾಸನದಿಂದ ಧರ್ಮಸ್ಥಳ 160, ಅಲ್ಲಿಂದ ಕುಕ್ಕೆ 70, ಕುಕ್ಕೆಯಿಂದ ಹಾಸನ 150, ಮತ್ತೆ ಊರಿಗೆ 20. ದೊಡ್ಡವರೊಬ್ಬರಿಗೆ ಒಟ್ಟು 420 ರೂ. ಕುಟುಂಬದಲ್ಲಿ ಅಜ್ಜಿ, ಅಪ್ಪ, ಅಮ್ಮ, ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ. ಮಗನಿಗೆ ಅರ್ಧ ಟಿಕೆಟ್, 210 ರೂ. ಎಲ್ಲರಿಗೂ ಹಣ ಕೊಟ್ಟರೆ 1,890 ರೂ. ಅಂದರೆ ಬಸ್ಸಿಗೇ ಗಂಟು ಖಾಲಿ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅಜ್ಜಿ, ಅಮ್ಮ, ಮಗಳಿಗೆ ಶೂನ್ಯ ಟಿಕೆಟ್. ಅಪ್ಪನ 420, ಮಗನ 210 ಸೇರಿ 630 ರೂ. ಮಾತ್ರ. ಉಳಿದದ್ದು 1,260. ಅದು 1,890ರಲ್ಲಿ ಶೇಕಡಾ ಎಷ್ಟು ಎಂದು ಕೇಳಿದಾಗ ಭಾಗಿಸುತ್ತಾ ಹೋದವರಿಗೆ 66.66 ಮುಗಿಯದೆ ಬೇಸರವಾಯಿತು. ಒಬ್ಬ ಮಾತ್ರ "ಮೂರರಲ್ಲಿ ಎರಡು ಪಾಲು ಮಿಸ್, 630 ಮೂರು ಸಲ ಹಾಕಿದ್ರೆ 1,890" ಎಂದ. ಭಿನ್ನರಾಶಿ ಮತ್ತು ಶೇಕಡಾ ಒಂದೇ ಮಾತಿನ ಎರಡು ರೂಪ ಎಂದು ನಾನು ವಿವರಿಸಬೇಕಾಗಿದ್ದ ಅಂಶವನ್ನು ಅವನೇ ಹೇಳಿಬಿಟ್ಟ. ವಿವರಣೆಯ ಹಂತದಲ್ಲಿ ನನಗೆ ಹೆಚ್ಚು ಕೆಲಸ ಉಳಿಯಲಿಲ್ಲ.

ಮಂತ್ರಾಲಯದ ಗುಂಪು ಹೆಣ್ಣುಮಕ್ಕಳಿಗೆಲ್ಲ ಸೊನ್ನೆ ಬರೆದು ಸಂತೋಷದಿಂದ ಕುಳಿತಿತ್ತು. ಮಂತ್ರಾಲಯ ಇರುವುದು ಆಂಧ್ರಪ್ರದೇಶದಲ್ಲಿ, ಅಂತರರಾಜ್ಯ ಬಸ್ಸಿಗೆ ಈ ಯೋಜನೆ ಇಲ್ಲ. ನಕ್ಷೆ ತೋರಿಸಿ ಗಡಿ ಹುಡುಕಿಸಿದೆ. ಹಾಗೆಯೇ ಅಜ್ಜಿ ಗುರುತಿನ ಚೀಟಿ ಮರೆತು ಬಂದರೆ ಆ ಒಂದು ಕಾಗದದ ಬೆಲೆ 420 ರೂ. ಎಂದು ಒಂದು ಗುಂಪು ಪಟ್ಟಿಯ ಪಕ್ಕದಲ್ಲಿ ಬರೆದುಕೊಂಡಿತು.

ಹಳೆಯ ಟಿಕೆಟ್‌ಗಳಿಂದ ಇನ್ನೊಂದು ಲೆಕ್ಕ ಹುಟ್ಟಿತು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿತು. 140 ರೂ. ಇದ್ದ ಟಿಕೆಟ್ 161 ಆಗುತ್ತದೆ. "ಹಾಗಾದರೆ 161ರಿಂದ ಹಳೆಯ ದರ ಕಂಡುಹಿಡಿಯಿರಿ" ಎಂದಾಗ ಬಹುತೇಕ ಎಲ್ಲರೂ 161ರ ಶೇಕಡಾ 15 ಕಳೆದು 136.85 ತಂದರು. 3 ರೂ. 15 ಪೈಸೆ ಎಲ್ಲಿ ಹೋಯಿತು? ಕಂಡಕ್ಟರ್ ಇಟ್ಟುಕೊಂಡರು ಎಂದು ಒಬ್ಬ ಹೇಳಿ ಎಲ್ಲರೂ ನಕ್ಕರು. ಶೇಕಡಾ ಯಾವುದರ ಮೇಲೆ ಎಂಬ ಪ್ರಶ್ನೆಯನ್ನು ಇಷ್ಟು ಸಹಜವಾಗಿ ಎತ್ತುವ ಉದಾಹರಣೆ ನನಗೆ ಪಠ್ಯದಲ್ಲಿ ಸಿಕ್ಕಿರಲಿಲ್ಲ. ಇದಕ್ಕೆ ಅರ್ಧ ತರಗತಿ ಹೋಯಿತು. ಹೋಗಲಿ ಎಂದು ಬಿಟ್ಟೆ. ಮುಂದೆ ಈ ಪಾಠ ಮಾಡುವವರು ಈ ಲೆಕ್ಕಕ್ಕೇ ಪ್ರತ್ಯೇಕ ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು.

ಊಟದ ಲೆಕ್ಕ ಬೇಗ ಮುಗಿಯಿತು. ಮೊದಲ ದಿನ ಬೆಳಿಗ್ಗೆ ಮನೆಯಿಂದ ಕಟ್ಟಿಕೊಂಡ ಅಕ್ಕಿರೊಟ್ಟಿ, ಚಟ್ನಿಪುಡಿ. ಮಧ್ಯಾಹ್ನ ಮತ್ತು ರಾತ್ರಿ ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ, ಮರುದಿನ ಮಧ್ಯಾಹ್ನ ಕುಕ್ಕೆಯಲ್ಲಿ ಪ್ರಸಾದದ ಊಟ. ಎರಡನೆಯ ದಿನದ ತಿಂಡಿಗೆ 250, ಕಾಫಿ ಟೀಗೆ 100, ಕ್ಷೇತ್ರದ ವಸತಿಗೃಹದ ಕೋಣೆಗೆ 400, ಹಣ್ಣುಕಾಯಿ ಸೇವೆಗೆ 150, ಊರಿಗೆ ತರುವ ಪ್ರಸಾದಕ್ಕೆ 150, ಚಪ್ಪಲಿ ಸ್ಟ್ಯಾಂಡ್, ಶೌಚಾಲಯ ಇತ್ಯಾದಿಗೆ 50. ಬಸ್ಸಿನ 630 ಸೇರಿ 1,730 ರೂ. ಉಳಿದ 270 ಆಪತ್ತಿಗೆ.

ವಿಸ್ತರಣೆಗೆಂದು ಒಂದು ಪ್ರಶ್ನೆ ಹಾಕಿದೆ. ಮೂರು ಹೊತ್ತಿನ ಊಟವನ್ನು ಹೋಟೆಲಿನಲ್ಲಿ ತಲೆಗೆ 80 ರೂಪಾಯಿಯಂತೆ ಮಾಡಿದ್ದರೆ 1,200 ರೂ. ಅದನ್ನೂ ಉಳಿದ ಟಿಕೆಟ್ಟಿನ 1,260ನ್ನೂ ಸೇರಿಸಿದರೆ ಯಾತ್ರೆಯ ಖರ್ಚು 4,190. ಮನೆಯವರು ಕೊಡುತ್ತಿರುವುದು ಅದರ ಶೇಕಡಾ 41ರಷ್ಟು ಮಾತ್ರ, ಉಳಿದದ್ದನ್ನು ಯಾರು ಕೊಡುತ್ತಿದ್ದಾರೆ? ಸರ್ಕಾರ ಎಂದರು, ದೇವರು ಎಂದರು, ಕಾಣಿಕೆ ಹಾಕಿದವರು ಎಂದರು. ಹಾಗಾದರೆ ಅನ್ನದಾನದ ಹುಂಡಿಗೆ ನಾವೂ ಸ್ವಲ್ಪ ಹಾಕಬೇಕಲ್ಲವೇ, ಅದು ಯಾವ ಕಲಮಿನಲ್ಲಿ ಬರೆಯಬೇಕು ಎಂಬ ಚರ್ಚೆ ನಡೆಯಿತು. ಅಜ್ಜಿಯ ಮುಡಿಪನ್ನು ಒಂದು ಗುಂಪು 2,000ದೊಳಗೆ ಸೇರಿಸಿತ್ತು. ಮಿಕ್ಕವರು ಒಪ್ಪಲೇ ಇಲ್ಲ. ಮುಡಿಪು ಕಟ್ಟಿದ ಮೇಲೆ ಅದು ನಮ್ಮದಲ್ಲ, ಬಸ್ಸಿಗೆ ಕಡಿಮೆ ಬಿದ್ದರೂ ಅದನ್ನು ಬಿಚ್ಚುವಂತಿಲ್ಲ ಎಂಬುದು ಅವರ ವಾದ. ಮೀಸಲು ಹಣ ಎಂಬ ಪದವನ್ನು ನಾನು ಹಲಗೆಯ ಮೇಲೆ ಬರೆದದ್ದು ಆಗ. ಅರ್ಥ ಅವರಿಗೆ ಮೊದಲೇ ಗೊತ್ತಿತ್ತು.

ಎರಡನೆಯ ಅವಧಿಯ ಕೊನೆಗೆ, 1,730ಕ್ಕೆ ಕೆಳಗೆ ಎರಡು ಗೆರೆ ಎಳೆದು ನಾನು ಚಾಕ್ ಇಡುತ್ತಿದ್ದಾಗ, ಮುಡಿಪಿನ ಮಾತು ಹೇಳಿದ್ದ ಹುಡುಗಿ ಎದ್ದು ನಿಂತಳು.

"ಮಿಸ್, ಕೂಲಿ ಬರೆದಿಲ್ಲ."

"ಯಾವ ಕೂಲಿ?"

"ಅಪ್ಪಂಗೆ ಎರಡು ದಿನ, ಅಮ್ಮಂಗೆ ಎರಡು ದಿನ. ಹೋಗದಿದ್ರೆ ಕೂಲಿ ಇಲ್ವಲ್ಲ."

ಅಪ್ಪನಿಗೆ ದಿನಕ್ಕೆ 600, ಅಮ್ಮನಿಗೆ 400 ಎಂದು ಅವಳೇ ಹೇಳಿದಳು. ಎರಡು ದಿನಕ್ಕೆ 2,000 ರೂ. ನಾವು ಎರಡು ದಿನದಿಂದ ತಿಣುಕುತ್ತಿದ್ದ ಇಡೀ ಗಂಟಿನಷ್ಟೇ ಮೊತ್ತ. ಯಾತ್ರೆಯ ನಿಜವಾದ ಖರ್ಚು 3,730 ಆಯಿತು. ಅದರಲ್ಲಿ ಹೋದ ಕೂಲಿಯ ಪಾಲು ಶೇಕಡಾ 53.6, ಬಸ್ಸಿನದು 16.9 ಮಾತ್ರ. ನಾಲ್ಕು ವರ್ಷ ಮುಡಿಪು ಏಕೆ ಹಾಗೇ ಕುಳಿತಿದೆ ಎಂಬುದಕ್ಕೆ ಉತ್ತರ ನನ್ನ ಅಚ್ಚುಕಟ್ಟಾದ ಪಟ್ಟಿಯಲ್ಲಿ ಇರಲಿಲ್ಲ, ಅವಳ ಲೆಕ್ಕದಲ್ಲಿತ್ತು. ನನ್ನ ತಂದೆ ಸಂಬಳದ ನೌಕರರು, ರಜೆ ಹಾಕಿ ಹೋಗುವುದು ನಮಗೆ ಖರ್ಚಾಗಿ ಕಂಡದ್ದೇ ಇಲ್ಲ. ಪಾಠ ಯೋಜನೆ ತಿದ್ದಿದ ಮೂವರಿಗೂ ಅದು ಹೊಳೆದಿರಲಿಲ್ಲ.

ಮೂರನೆಯ ಅವಧಿಯನ್ನು ತರಗತಿ ಶಿಕ್ಷಕಿಯವರನ್ನು ಕೇಳಿ ಪಡೆದುಕೊಂಡೆ. ಈಗ ಸಮಸ್ಯೆ ಬದಲಾಗಿತ್ತು: ಕೂಲಿ ಕಳೆದುಕೊಳ್ಳದೆ ಹೋಗಿಬರುವುದು ಹೇಗೆ? ತೋಟಕ್ಕೆ ಭಾನುವಾರ ರಜೆ. ಶನಿವಾರ ಸಂಜೆ ಬಟವಾಡೆ ಮುಗಿಸಿ, ರಾತ್ರಿ ಊಟ ಕಟ್ಟಿಕೊಂಡು ಬಸ್ ಹತ್ತಿದರೆ ರಾತ್ರಿ ತಡವಾಗಿ ತಲುಪಬಹುದು. ಭಾನುವಾರ ದರ್ಶನ, ಊಟ, ವಾಪಸ್. ಆದರೆ ಒಂದೇ ಕ್ಷೇತ್ರ. ಧರ್ಮಸ್ಥಳಕ್ಕೆ ಮಾತ್ರವಾದರೆ ಬಸ್ಸಿಗೆ 540, ಒಟ್ಟು 1,640. ಕುಕ್ಕೆಗೆ ಮಾತ್ರವಾದರೆ ಬಸ್ಸಿಗೆ 510, ಒಟ್ಟು 1,610. ಪಟ್ಟಿ ನೋಡಿದರೆ ಮೊದಲ ಯೋಜನೆಗಿಂತ ಉಳಿತಾಯ 90 ಅಥವಾ 120 ರೂ. ಅಷ್ಟೇ. ಮನೆಯ ಕಡೆಯಿಂದ ನೋಡಿದರೆ 2,090 ಅಥವಾ 2,120.

"ಅಷ್ಟು ದೂರ ಹೋಗಿ ಮಂಜುನಾಥಸ್ವಾಮಿನ ನೋಡದೆ ಬರ್ತಾರಾ?" ಎಂದು ಒಂದು ಗುಂಪು. "ಹರಕೆ ಇರೋದು ಕುಕ್ಕೆಗೆ" ಎಂದು ಇನ್ನೊಂದು. ಇದನ್ನು ನಾನು ತೀರ್ಮಾನಿಸಲು ಹೋಗಲಿಲ್ಲ. ಲೆಕ್ಕ ಎಲ್ಲಿಯವರೆಗೆ ಮಾತಾಡುತ್ತದೆ, ಎಲ್ಲಿಂದ ಮುಂದೆ ಮನೆಯವರು ಮಾತಾಡಬೇಕು ಎಂಬುದು ಗುಂಪಿನ ಜಗಳದಲ್ಲೇ ಗೊತ್ತಾಗುತ್ತಿತ್ತು.

ಸಮಯದ ಲೆಕ್ಕವೂ ಅನಿವಾರ್ಯವಾಯಿತು. ಎರಡೂ ಕ್ಷೇತ್ರಗಳಲ್ಲಿ ಮಧ್ಯಾಹ್ನ ದರ್ಶನ ನಿಲ್ಲುವ ಹೊತ್ತಿದೆ. ಭಾನುವಾರ ಸಾಲು ಉದ್ದ. ನಮ್ಮ ಊರಿಗೆ ಹಾಸನದಿಂದ ಕೊನೆಯ ಬಸ್ ರಾತ್ರಿ ಎಂಟೂವರೆಗೆ. ಘಾಟಿ ಹತ್ತಿ ಹಾಸನ ಸೇರಲು ನಾಲ್ಕು ಗಂಟೆ ಎಂದು ಹಿಡಿದರೆ ಕುಕ್ಕೆಯನ್ನು ನಾಲ್ಕರೊಳಗೆ ಬಿಡಬೇಕು. ಬಸ್ ತಪ್ಪಿದರೆ ಆಟೋಗೆ 400 ಕೇಳುತ್ತಾರೆ ಎಂದು ಮಕ್ಕಳೇ ಹೇಳಿದರು. ನಮ್ಮ ಆಪತ್ತಿನ ಹಣ 390. ಹತ್ತು ರೂಪಾಯಿ ಕಡಿಮೆ! ಪ್ರಸಾದದ 150ನ್ನು 100ಕ್ಕೆ ಇಳಿಸಿ ಸರಿಮಾಡಿದರು. ಇಲ್ಲಿ ನನ್ನ ಇನ್ನೊಂದು ತಪ್ಪು ಬಯಲಾಯಿತು. ಮೊದಲ ಪಟ್ಟಿಯಲ್ಲಿ ನಾನು ಎಲ್ಲ ಖರ್ಚು ಕಳೆದು ಉಳಿದದ್ದನ್ನು ಆಪತ್ತಿಗೆ ಎಂದು ಬರೆದಿದ್ದೆ. ಯಾವ ಆಪತ್ತು ಬರಬಹುದು, ಅದಕ್ಕೆಷ್ಟು ಬೇಕು ಎಂದು ಮೊದಲೇ ತೆಗೆದಿಟ್ಟು ಮಿಕ್ಕದ್ದನ್ನು ಹಂಚಬೇಕಿತ್ತು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ದಾರಿಯೇ ಬೇರೆಯಾಗುತ್ತದೆ, ಚಂಪಾಷಷ್ಠಿ ಮತ್ತು ಲಕ್ಷದೀಪೋತ್ಸವದ ದಿನಗಳಲ್ಲಿ ಕಡಿಮೆ ದರದ ಕೋಣೆ ಸಿಗುವ ಭರವಸೆ ಇಲ್ಲ ಎಂಬುದನ್ನೂ ಪಟ್ಟಿಗೆ ಸೇರಿಸಿದೆವು.

ಈ ಪಾಠವನ್ನು ಬಳಸುವ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಮಕ್ಕಳು ತಮ್ಮ ಮನೆಯ ಕೂಲಿ, ಸಾಲದ ಅಂಕಿಗಳನ್ನು ತಾವಾಗಿ ಹೇಳಿದರೆ ಸರಿ, ನೀವಾಗಿ ಕೇಳಬೇಡಿ. ಆ ಹುಡುಗಿ ಹೇಳಿದ ಅಂಕಿಯನ್ನು ನಾನು ಹಲಗೆಯ ಮೇಲೆ "ಒಂದು ಕುಟುಂಬದ ಕೂಲಿ" ಎಂದೇ ಬರೆದೆ. ಮತ್ತೆ, ಖರ್ಚಿನ ಪಟ್ಟಿಯ ಕಲಮುಗಳನ್ನು ಮೊದಲೇ ಅಚ್ಚು ಹಾಕಿಸಿ ಕೊಡಬೇಡಿ. ನಾನು ಕೊಟ್ಟಿದ್ದ ಪಟ್ಟಿಯಲ್ಲಿ ಕೂಲಿಗೆ ಜಾಗವೇ ಇರಲಿಲ್ಲ. ಅವಳು ಎದ್ದು ನಿಲ್ಲದಿದ್ದರೆ ನನ್ನ ಪಾಠ ಪೂರ್ಣ ಅಂಕ ಪಡೆದು ತಪ್ಪಾಗಿಯೇ ಮುಗಿಯುತ್ತಿತ್ತು.

ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆಗಳು ಇವು. ಒಂದು, ಅಪ್ಪ ಹೋಗದೆ ಉಳಿದ ನಾಲ್ವರು ಮಾತ್ರ ಭಾನುವಾರ ಕುಕ್ಕೆಗೆ ಹೋದರೆ ಬಸ್ ಖರ್ಚು ಶೇಕಡಾ ಎಷ್ಟು ಇಳಿಯುತ್ತದೆ? ಎರಡು, ಬಸ್ ದರ ಮತ್ತೆ ಶೇಕಡಾ 10 ಏರಿದರೆ 510 ಎಷ್ಟಾಗುತ್ತದೆ? ಅದು ಆಪತ್ತಿನ ಹಣಕ್ಕೆ ತಾಗುತ್ತದೆಯೇ? ಮೂರು, ವಾರಕ್ಕೆ 50 ರೂ. ತೆಗೆದಿಟ್ಟರೆ 2,000 ಸೇರಲು ಎಷ್ಟು ವಾರ ಬೇಕು, ಇಂದಿನಿಂದ ಎಣಿಸಿದರೆ ಅದು ಯಾವ ತಿಂಗಳು? ಮೂರನೆಯ ಪ್ರಶ್ನೆಗೆ ಅವಳು ನಲವತ್ತು ವಾರ ಎಂದು ಸರಿಯಾಗಿ ಬರೆದು, ತಿಂಗಳ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಸೇರಿಸಿದ್ದಳು: ಆಗ ಮಳೆ ಇರುತ್ತದೆ, ಘಾಟಿ ವಿಚಾರಿಸಬೇಕು.