ನಿಂತ ಟ್ರ್ಯಾಕ್ಟರು ಮತ್ತೆ ಉಳಬೇಕಾದರೆ

ಕೆಟ್ಟು ನಿಂತ ಯಂತ್ರವನ್ನು 'ಸತ್ತುಹೋಯಿತು' ಎಂದು ಹೇಳುವುದು ವಾಡಿಕೆ. ಆದರೆ ಪ್ರಾಣಿಯ ಸಾವಿಗೂ ಯಂತ್ರದ ಸಾವಿಗೂ ದೊಡ್ಡದೊಂದು ವ್ಯತ್ಯಾಸವುಂಟು. ಸತ್ತ ಪ್ರಾಣಿಯನ್ನು ಯಾರೂ ಎಬ್ಬಿಸಲಾರರು. ಯಂತ್ರವಾದರೋ ತನ್ನ ಚಲನೆಗೆ ಅವಶ್ಯವಾದ ನಾಲ್ಕಾರು ಅನುಕೂಲಗಳಲ್ಲಿ ಯಾವುದೋ ಒಂದೆರಡು ತಪ್ಪಿದುದರಿಂದ ನಿಂತಿರುತ್ತದೆ. ತಪ್ಪಿದುದು ಯಾವುದೆಂದು ಕಂಡುಹಿಡಿದು ಅದನ್ನು ಒದಗಿಸಿದರೆ ಯಂತ್ರವು ಮತ್ತೆ ನಡೆಯಲೇಬೇಕು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಕಳೆದ ಬೇಸಗೆಯ ರಜೆಯಲ್ಲಿ ನಾವು ಪರೀಕ್ಷಿಸಿ ನೋಡಬೇಕಾಗಿ ಬಂದಿತು.

ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವನವರಿಗೆ ನಾಲ್ಕು ಎಕರೆ ಹೊಲವಿದೆ. ಅವರ ಕೊಟ್ಟಿಗೆಯ ಪಕ್ಕದಲ್ಲಿ ಮೂರು ಸಿಲಿಂಡರುಗಳ, 35 ಅಶ್ವಶಕ್ತಿಯ ಹಳೆಯ ಡೀಸಲ್ ಟ್ರ್ಯಾಕ್ಟರೊಂದು ಆರು ವರ್ಷಗಳಿಂದ ನಿಂತೇ ಇತ್ತು. ಮಾವನವರು ಕಾಯಿಲೆ ಬಿದ್ದಾಗ ನಿಲ್ಲಿಸಿದ್ದನ್ನು ಅನಂತರ ಯಾರೂ ಮುಟ್ಟಿರಲಿಲ್ಲ. ಉಳುಮೆಯ ಕಾಲದಲ್ಲಿ ಬಾಡಿಗೆಯ ಟ್ರ್ಯಾಕ್ಟರಿಗಾಗಿ ಕಾಯಬೇಕು. ಅದು ಬರುವ ವೇಳೆಗೆ ಮಳೆಯ ಹದ ಆರಿಹೋಗಿರುತ್ತದೆ. ಹಿಂದಿನ ವರ್ಷ ಹೀಗೆಯೇ ಹದ ತಪ್ಪಿ, ರಾಗಿಯ ಪೈರು ಅರ್ಧಕ್ಕರ್ಧ ಬಡವಾಗಿತ್ತು. ಗುಜರಿಯವನು ಬಂದು ಟ್ರ್ಯಾಕ್ಟರಿಗೆ ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದನು. ಆಗ ಮಾವನವರು, "ಏನಪ್ಪಾ, ಹುಡುಗರಿಗೆ ಯಂತ್ರದ ಪಾಠ ಹೇಳುತ್ತೀಯಲ್ಲ, ಇದನ್ನೊಮ್ಮೆ ಎಬ್ಬಿಸು ನೋಡೋಣ. ಆಗದಿದ್ದರೆ ಗುಜರಿಗೆ ಹಾಕಿಬಿಡುತ್ತೇನೆ" ಎಂದರು. ಬಿ.ಎಸ್ಸಿ. ತರಗತಿಯ ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ನಾವು ಕೆಲಸಕ್ಕೆ ತೊಡಗಿದೆವು.

ಇಂತಹ ಟ್ರ್ಯಾಕ್ಟರುಗಳು ನಮ್ಮ ನಾಡಿನ ಹಳ್ಳಿಗಳಲ್ಲಿ ಅಪರೂಪವಲ್ಲ. ಭಾರತದಲ್ಲಿ ಟ್ರ್ಯಾಕ್ಟರುಗಳ ತಯಾರಿಕೆಯು 1959ರಲ್ಲಿ ಫರೀದಾಬಾದಿನಲ್ಲಿ ಆರಂಭವಾಯಿತು. ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ 'ಸ್ವರಾಜ್' ಟ್ರ್ಯಾಕ್ಟರು 1974ರಲ್ಲಿ ಮಾರಾಟಕ್ಕೆ ಬಂದಿತು. ಆ ಕಾಲದ ಯಂತ್ರಗಳ ರಚನೆ ಸರಳ. ಅವುಗಳನ್ನು ಬಿಚ್ಚಿ ನೋಡಲು ಸ್ಪ್ಯಾನರುಗಳೂ ತಾಳ್ಮೆಯೂ ಇದ್ದರೆ ಬಹುಮಟ್ಟಿಗೆ ಸಾಕು.

ಡೀಸಲ್ ಯಂತ್ರಕ್ಕೆ ಏನು ಬೇಕು?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಾಳಿಯನ್ನು ಒಮ್ಮೆಗೇ ಒತ್ತಿದಾಗ ನಾವು ಮಾಡಿದ ಕೆಲಸವು ಶಾಖವಾಗಿ ಮಾರ್ಪಡುತ್ತದೆ. ಡೀಸಲ್ ಯಂತ್ರದ ಗುಟ್ಟೆಲ್ಲವೂ ಇಷ್ಟೇ. ಇದರಲ್ಲಿ ಪೆಟ್ರೋಲ್ ಯಂತ್ರದಲ್ಲಿರುವಂತೆ ಕಿಡಿಯಿಲ್ಲ. ರುಡಾಲ್ಫ್ ಡೀಸಲ್ ಎಂಬ ಜರ್ಮನ್ ಇಂಜಿನಿಯರನು ಈ ತತ್ತ್ವಕ್ಕೆ 1893ರಲ್ಲಿ ಪೇಟೆಂಟು ಪಡೆದನು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆದ ಪರೀಕ್ಷೆಯಲ್ಲಿ ಅವನ ಯಂತ್ರವು ಎಣ್ಣೆಯ ಶಕ್ತಿಯಲ್ಲಿ ಸುಮಾರು ನೂರಕ್ಕೆ 26 ಪಾಲನ್ನು ಕೆಲಸವಾಗಿ ಪರಿವರ್ತಿಸಿತು.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಅದರ ಗಾತ್ರದ 17ನೆಯ ಒಂದು ಭಾಗಕ್ಕೆ ಒತ್ತುತ್ತದೆ ಎಂದುಕೊಳ್ಳೋಣ. ಶಾಖವು ಸ್ವಲ್ಪವೂ ಹೊರಕ್ಕೆ ಹೋಗದಿದ್ದರೆ ಗಾಳಿಯ ನಿರಪೇಕ್ಷ ಉಷ್ಣತೆಯು 17ರ 0.4ನೆಯ ಘಾತದಷ್ಟು, ಎಂದರೆ ಸುಮಾರು 3.1 ಪಟ್ಟು ಹೆಚ್ಚುತ್ತದೆ. ಮೊದಲಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಎಂದರೆ 300 ಕೆಲ್ವಿನ್. ಒತ್ತಿದ ಮೇಲೆ 930 ಕೆಲ್ವಿನ್, ಎಂದರೆ ಸುಮಾರು 660 ಡಿಗ್ರಿ ಸೆಲ್ಸಿಯಸ್. ವಾಸ್ತವದಲ್ಲಿ ಶಾಖವೂ ಗಾಳಿಯೂ ಸ್ವಲ್ಪ ಸೋರುವುದರಿಂದ ಉಷ್ಣತೆಯು ಇದಕ್ಕಿಂತ ಕಡಿಮೆಯಾಗಿರುತ್ತದೆ. ಆದರೂ ಎರಚಿದ ಡೀಸಲ್ ಹೊತ್ತಿಕೊಳ್ಳಲು ಅದು ಸಾಕು.

ಈ ಲೆಕ್ಕದಿಂದ ನಾಲ್ಕು ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ: ಯಂತ್ರವು ತಿರುಗುತ್ತದೆಯೇ? ಸಾಕಷ್ಟು ವೇಗವಾಗಿ ತಿರುಗುತ್ತದೆಯೇ? ಡೀಸಲ್ ಸಿಲಿಂಡರನ್ನು ಸೇರುತ್ತದೆಯೇ? ಒತ್ತಿದ ಗಾಳಿ ಸೋರದೆ ನಿಲ್ಲುತ್ತದೆಯೇ? ಇದೇ ಕ್ರಮದಲ್ಲಿ ಉತ್ತರ ಹುಡುಕುವುದೆಂದು ನಾವು ನಿಶ್ಚಯಿಸಿದೆವು.

ತಿರುಗುತ್ತದೆಯೇ?

ಮೊದಲು ಎಂಜಿನ್ನಿನ ಕೀಲೆಣ್ಣೆಯನ್ನು ಕೆಳಗಿನ ಬಿರಡೆ ಬಿಚ್ಚಿ ಹೊರಕ್ಕೆ ಬಿಟ್ಟೆವು. ಎಣ್ಣೆಗಿಂತ ಮುಂಚೆ ಅರ್ಧ ಲೋಟದಷ್ಟು ನೀರು ಬಂದಿತು. ನೀರು ಎಣ್ಣೆಗಿಂತ ಸಾಂದ್ರವಾದುದರಿಂದ ಅದು ತಳದಲ್ಲಿ ನಿಲ್ಲುತ್ತದೆ. ಈ ನೀರಿನೊಡನೆಯೇ ಯಂತ್ರವನ್ನು ನಡೆಸಿದ್ದರೆ ಬೇರಿಂಗುಗಳು ಕೆಡುತ್ತಿದ್ದುವು. ಅನಂತರ ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ನಿನ ಮುಂಭಾಗದ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿದೆವು. ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿದ್ದುವು.

ವಿದ್ಯಾರ್ಥಿಗಳಲ್ಲೊಬ್ಬನು ಸ್ಪ್ಯಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಮೀಟೋಣವೆಂದನು. ಸನ್ನೆ ಉದ್ದವಾದಷ್ಟೂ ಬಲ ಹೆಚ್ಚುವುದು ನಿಜ. ಆದರೆ ಆ ಬಲವು ತುಕ್ಕನ್ನು ಮಾತ್ರ ಮುರಿದು ಎರಕದ ಉಂಗುರವನ್ನು ಬಿಟ್ಟುಬಿಡುವುದಿಲ್ಲ. ಆದಕಾರಣ ಡೀಸಲ್ ಎರಚುವ ನಾಜಲುಗಳನ್ನು ಬಿಚ್ಚಿ, ಆ ರಂಧ್ರಗಳ ಮೂಲಕ ಡೀಸಲ್ ಮತ್ತು ತೆಳು ಎಣ್ಣೆಯ ಮಿಶ್ರಣವನ್ನು ಸುರಿದು ಮೂರು ದಿನ ಬಿಟ್ಟೆವು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ತುಕ್ಕಿನ ಅತಿ ಸೂಕ್ಷ್ಮವಾದ ಬಿರುಕುಗಳೊಳಕ್ಕೆ ದ್ರವವು ತಾನಾಗಿ ಎಳೆಯಲ್ಪಡುತ್ತದೆ. ಸಂದು ಕಿರಿದಾದಷ್ಟೂ ಎಳೆತ ಹೆಚ್ಚು. ನಾಲ್ಕನೆಯ ದಿನ ಬೆಳಿಗ್ಗೆ, ಕೈಯ ಸಾಧಾರಣ ಬಲಕ್ಕೇ ಯಂತ್ರವು ಒಂದು ಸುತ್ತು ತಿರುಗಿತು.

ನಾಜಲುಗಳನ್ನು ಮತ್ತೆ ಕೂಡಿಸುವ ಮುನ್ನ ಯಂತ್ರವನ್ನು ಹಲವು ಸುತ್ತು ತಿರುಗಿಸಿ, ಒಳಗೆ ಉಳಿದ ದ್ರವವನ್ನೆಲ್ಲ ಹೊರಕ್ಕೆ ಚೆಲ್ಲಿಸಬೇಕು. ಗಾಳಿಯಂತೆ ದ್ರವವು ಕುಗ್ಗುವುದಿಲ್ಲ. ಅದು ಒಳಗೇ ಉಳಿದರೆ ಮೇಲಕ್ಕೇರುವ ಪಿಸ್ಟನ್ನಿಗೆ ದಾರಿಯಿಲ್ಲದೆ ಕನೆಕ್ಟಿಂಗ್ ರಾಡು ಬಗ್ಗಿಹೋಗುತ್ತದೆ. ಇದಾದ ಮೇಲೆ ಹೊಸ ಕೀಲೆಣ್ಣೆಯನ್ನೂ ರೇಡಿಯೇಟರಿಗೆ ಶುದ್ಧವಾದ ನೀರನ್ನೂ ತುಂಬಿದೆವು.

ವೇಗವಾಗಿ ತಿರುಗುತ್ತದೆಯೇ?

ಹೊಸ ಬ್ಯಾಟರಿ ಇಟ್ಟು ಸ್ಟಾರ್ಟರ್ ಒತ್ತಿದೆವು. 'ಟಕ್' ಎಂಬ ಒಂದು ಶಬ್ದ ಬಂದಿತೇ ಹೊರತು ಬೇರೇನೂ ಆಗಲಿಲ್ಲ. ಬ್ಯಾಟರಿಯೇ ಕೆಟ್ಟಿರಬೇಕೆಂದು ಮಾವನವರು ಹೇಳಿದರು. ಆದರೆ ತಂತಿಯ ಒಂದು ಕೂಡಿಕೆಯು ಮುಟ್ಟಲಾರದಷ್ಟು ಬಿಸಿಯಾಗಿತ್ತು. ಓಮನ ನಿಯಮವನ್ನು ಇಲ್ಲಿ ಅನ್ವಯಿಸಿ ನೋಡಿರಿ. ಸ್ಟಾರ್ಟರು ಸುಮಾರು 200 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಕಿಲುಬು ಹಿಡಿದ ಕೂಡಿಕೆಯ ರೋಧವು ಕೇವಲ 0.02 ಓಮ್ ಆದರೂ ಅಲ್ಲಿಯೇ 4 ವೋಲ್ಟ್ ನಷ್ಟವಾಗುತ್ತದೆ. ಹನ್ನೆರಡರಲ್ಲಿ ಮೂರನೆಯ ಒಂದು ಪಾಲು ಹೋದಂತಾಯಿತು. ಅಷ್ಟೇ ಅಲ್ಲದೆ ಆ ಕೂಡಿಕೆಯಲ್ಲಿ 800 ವ್ಯಾಟಿನಷ್ಟು ಶಕ್ತಿಯು ಶಾಖವಾಗುತ್ತದೆ. ಮನೆಯ ದೀಪಕ್ಕೆ ಲೆಕ್ಕಕ್ಕೇ ಬಾರದ ರೋಧವು ಇಲ್ಲಿ ಯಂತ್ರವನ್ನೇ ನಿಲ್ಲಿಸಬಲ್ಲದು. ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಕೂಡಿಕೆಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ಹೊಳಪಿಗೆ ತಂದು ಬಿಗಿದೆವು. ಸ್ಟಾರ್ಟರು ಎಂಜಿನ್ನನ್ನು ಬಿರುಸಾಗಿ ತಿರುಗಿಸಿತು. ಆದರೂ ಹೊಗೆಕೊಳವೆಯಿಂದ ಒಂದೆಳೆ ಹೊಗೆಯೂ ಬರಲಿಲ್ಲ.

ಡೀಸಲ್ ಸೇರುತ್ತದೆಯೇ?

ಹೊಗೆಯೇ ಇಲ್ಲವೆಂದರೆ ಡೀಸಲ್ ಒಳಗೆ ಸೇರುತ್ತಿಲ್ಲವೆಂದು ಅರ್ಥ. ಟ್ಯಾಂಕಿನ ತಳದಲ್ಲಿ ನೀರೂ ಕಪ್ಪನೆಯ ಲೋಳೆಯೂ ಇದ್ದುವು. ಡೀಸಲೂ ನೀರೂ ಸಂಧಿಸುವ ಸ್ಥಳದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಇಂತಹ ಲೋಳೆಯಾಗುತ್ತದೆ. ಟ್ಯಾಂಕನ್ನು ತೊಳೆದು, ಫಿಲ್ಟರು ಬದಲಿಸಿ, ಹೊಸ ಡೀಸಲ್ ತುಂಬಿದೆವು. ಆದರೆ ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಬಿಚ್ಚಿ ಕೂಡಿಸುವಾಗ ಕೊಳವೆಗಳೊಳಗೆ ಗಾಳಿ ಸೇರಿಕೊಂಡಿರುತ್ತದೆ.

ನಾಜಲು ತೆರೆಯಬೇಕಾದರೆ ಸುಮಾರು 175 ವಾಯುಮಂಡಲದಷ್ಟು ಒತ್ತಡ ಬೇಕು. ಇಂಧನದ ಪಂಪು ಒಮ್ಮೆಗೆ ತಳ್ಳುವ ಡೀಸಲಾದರೋ ಒಂದು ಘನ ಸೆಂಟಿಮೀಟರಿನ ನೂರನೆಯ ನಾಲ್ಕೈದು ಭಾಗ ಮಾತ್ರ. ಕೊಳವೆಯಲ್ಲಿ ಡೀಸಲ್ ಒಂದೇ ತುಂಬಿದ್ದರೆ ಇಷ್ಟು ತಳ್ಳಿದರೆ ಸಾಕು. ಏಕೆಂದರೆ ಅಷ್ಟು ಒತ್ತಡದಲ್ಲಿಯೂ ಡೀಸಲ್ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಕುಗ್ಗುತ್ತದೆ. ಆದರೆ ಬಟಾಣಿ ಗಾತ್ರದ ಗಾಳಿಯ ಗುಳ್ಳೆಯೊಂದು ನಡುವೆ ಇದ್ದರೆ, ಬಾಯ್ಲನ ನಿಯಮದಂತೆ ಅದು ಕುಗ್ಗುತ್ತ ಹೋಗಿ ಪಂಪಿನ ಶ್ರಮವನ್ನೆಲ್ಲ ನುಂಗಿಬಿಡುತ್ತದೆ. ಆದುದರಿಂದ ಫಿಲ್ಟರಿನ, ಪಂಪಿನ ಮತ್ತು ಕೊನೆಗೆ ನಾಜಲಿನ ಬಳಿಯ ತಿರುಪುಗಳನ್ನು ಒಂದಾದ ಮೇಲೊಂದರಂತೆ ಸಡಿಲಿಸಿ, ನೊರೆಯಿಲ್ಲದ ಡೀಸಲ್ ಬರುವವರೆಗೂ ಗಾಳಿಯನ್ನು ಹೊರದೂಡಬೇಕು. ನಾಜಲಿನ ತುದಿಗೆ ಕೈಯನ್ನು ಎಂದಿಗೂ ಒಡ್ಡಕೂಡದು. ಆ ಒತ್ತಡದ ಸೀರ್ಪನಿಯು ಚರ್ಮವನ್ನು ತೂರಿ ರಕ್ತದೊಳಕ್ಕೆ ಹೋಗಬಲ್ಲದು.

ಗಾಳಿ ಹೊರಟುಹೋದ ಮೇಲೆ ಸ್ಟಾರ್ಟರು ಒತ್ತಿದಾಗ ದಟ್ಟವಾದ ಬಿಳಿಯ ಹೊಗೆ ಬಂದಿತು. ಆದರೆ ಯಂತ್ರವು ಹೊತ್ತಿಕೊಳ್ಳಲಿಲ್ಲ.

ಗಾಳಿ ನಿಲ್ಲುತ್ತದೆಯೇ?

ಇಲ್ಲಿ ನಾವು ತಪ್ಪಿದೆವು. ಇಂಧನದ ಪಂಪೇ ಕೆಟ್ಟಿದೆಯೆಂದು ತೀರ್ಮಾನಿಸಿ, ಅದನ್ನು ಪಟ್ಟಣಕ್ಕೆ ಕಳುಹಿಸಲು ಸಿದ್ಧರಾದೆವು. ಅದರ ರಿಪೇರಿಗೆ ಮಾವನವರು ಬಿತ್ತನೆಗೆಂದು ಇಟ್ಟಿದ್ದ ಹಣವೆಲ್ಲ ಹೋಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಊರಿನ ವೃದ್ಧ ಮೇಸ್ತ್ರಿಯೊಬ್ಬರು ಬಂದು ಹೊಗೆಯನ್ನು ನೋಡಿ, "ಸ್ವಾಮಿ, ಬಿಳಿ ಹೊಗೆ ಅಂದರೆ ಬೇಯದ ಡೀಸಲ್ಲು. ಪಂಪು ಕಳಿಸುತ್ತಾ ಇದೆ, ಒಲೆ ಕಾದಿಲ್ಲ ಅಷ್ಟೆ" ಎಂದರು. ನಮಗೆ ನಾಚಿಕೆಯಾಯಿತು. ನಮ್ಮ ಸೂತ್ರವು ಹೇಳುತ್ತಿದ್ದುದೂ ಅದನ್ನೇ. ಆದರೆ ಅದನ್ನು ಹೊಗೆಯಲ್ಲಿ ಓದಲು ನಮಗೆ ತಿಳಿದಿರಲಿಲ್ಲ.

ಮುಂದೆ ಅವರು ಮಾಡಿದ ಪರೀಕ್ಷೆ ಯಾವ ಪ್ರಯೋಗಶಾಲೆಗೂ ಒಪ್ಪುವಂತಹುದು. ಯಂತ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಪ್ರತಿಯೊಂದು ಸಿಲಿಂಡರಿನ ಬಿಗಿಯನ್ನೂ ನೋಡಿದರು, ಮೂರೂ ಸಡಿಲವಾಗಿದ್ದುವು. ಆಮೇಲೆ ಒಂದೊಂದಕ್ಕೂ ಒಂದೊಂದು ಚಮಚ ಕೀಲೆಣ್ಣೆಯನ್ನು ಹಾಕಿ ಮತ್ತೆ ತಿರುಗಿಸಿದರು. ಎರಡು ಸಿಲಿಂಡರುಗಳು ಬಿಗಿಯಾದುವು; ನಡುವಣದು ಮಾತ್ರ ಸಡಿಲವಾಗಿಯೇ ಉಳಿಯಿತು. ಎಣ್ಣೆಯು ಪಿಸ್ಟನ್ನಿನ ಉಂಗುರಗಳ ಸಂದನ್ನು ಮುಚ್ಚಬಲ್ಲದು. ಮೇಲಿರುವ ಕವಾಟದ ಸಂದನ್ನು ಮುಚ್ಚಲಾರದು. ಎರಡರಲ್ಲಿ ಉಂಗುರಗಳು ಒಣಗಿದ್ದುವು. ನಡುವಣದರಲ್ಲಿ ಕವಾಟವು ಸೋರುತ್ತಿತ್ತು. ಹೊಗೆಕೊಳವೆಗೆ ಕಿವಿಗೊಟ್ಟಾಗ 'ಸುಯ್' ಎಂಬ ಸದ್ದೂ ಕೇಳಿಸಿತು. ಮೇಲಿನ ಮುಚ್ಚಳವನ್ನು ತೆಗೆದು ನೋಡಿದರೆ, ಆ ಕವಾಟದ ಕಾಂಡವು ತುಕ್ಕಿನಿಂದ ಹಿಡಿದುಕೊಂಡು ಪೂರ್ತಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿ ಅದನ್ನು ಬಿಡಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಸಂಜೆ ಸ್ಟಾರ್ಟರು ಒತ್ತಿದಾಗ ಯಂತ್ರವು ಎರಡು ಬಾರಿ ಕೆಮ್ಮಿ, ಮೂರನೆಯ ಬಾರಿಗೆ ಹೊತ್ತಿಕೊಂಡಿತು. ಸಿಲಿಂಡರಿಗೆ ಹಾಕಿದ್ದ ಕೀಲೆಣ್ಣೆ ಉರಿದು ಸ್ವಲ್ಪ ಹೊತ್ತು ನೀಲಿಯ ಹೊಗೆ ಬಂದಿತು. ಅನಂತರ ಹೊಗೆ ತಿಳಿಯಾಯಿತು. ಮಾವನವರು ಏನನ್ನೂ ಹೇಳಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು.

ನಡೆಯುವುದು ಬೇರೆ, ದುಡಿಯುವುದು ಬೇರೆ

ಎಂಜಿನ್ನು ನಡೆದ ಮಾತ್ರಕ್ಕೆ ಟ್ರ್ಯಾಕ್ಟರು ಹೊಲಕ್ಕೆ ಇಳಿಯಬಾರದು. ಬ್ರೇಕು, ಸ್ಟಿಯರಿಂಗು, ಟೈರು, ಕೀಲೆಣ್ಣೆಯ ಒತ್ತಡ ಇವುಗಳನ್ನೆಲ್ಲ ಪರೀಕ್ಷಿಸಲು ಇನ್ನೂ ಎರಡು ದಿನ ಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾದುದು ಭಾರವನ್ನು ಎಲ್ಲಿ ಕಟ್ಟಬೇಕೆಂಬುದು. ಅನೇಕ ದೇಶಗಳಲ್ಲಿ ಕೃಷಿಯ ಅಪಘಾತಗಳಿಂದಾಗುವ ಸಾವುಗಳಿಗೆ ಟ್ರ್ಯಾಕ್ಟರು ಮಗುಚುವುದು ಒಂದು ಪ್ರಧಾನ ಕಾರಣ. ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತು ತಿರುಗಲಾರದೆ ಹೋದರೆ, ಚಕ್ರವನ್ನು ತಿರುಗಿಸಬೇಕಾದ ಬಲವು ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ; ಮುಂಭಾಗವು ಮೇಲಕ್ಕೇಳುತ್ತದೆ. ಎಳೆಯುವ ಸರಪಳಿಯನ್ನು ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದ್ದರೆ ಅದೂ ಹಿಂದಕ್ಕೆ ಮಗುಚಲು ನೆರವಾಗುತ್ತದೆ. ಗುರುತ್ವಕೇಂದ್ರವು ಅಚ್ಚನ್ನು ದಾಟಿ ಹಿಂದಕ್ಕೆ ಹೋಯಿತೆಂದರೆ ಚಾಲಕನಿಗೆ ಜಿಗಿಯಲೂ ಸಮಯವಿರುವುದಿಲ್ಲ. ಆದಕಾರಣ ಎಳೆಯುವ ಭಾರವನ್ನು ಅಚ್ಚಿಗಿಂತ ಕೆಳಗಿರುವ ಪಟ್ಟಿಗೆ ಮಾತ್ರವೇ ಕಟ್ಟತಕ್ಕದ್ದು. ನೇಗಿಲನ್ನು ಮೂರು ಬಿಂದುಗಳಲ್ಲಿ ಟ್ರ್ಯಾಕ್ಟರಿಗೆ ಕೂಡಿಸುವ ಹ್ಯಾರಿ ಫರ್ಗುಸನನ ಏರ್ಪಾಡು ಈ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಿತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವನ ಸಣ್ಣ ಟ್ರ್ಯಾಕ್ಟರುಗಳಿಂದ ಪ್ರಸಿದ್ಧವಾದ ಈ ಏರ್ಪಾಡು ಇಂದು ಎಲ್ಲೆಡೆಯೂ ಬಳಕೆಯಲ್ಲಿದೆ.

ಮಳೆ ಬಿದ್ದ ಮೂರನೆಯ ದಿನ, ಹದ ನೋಡಿಕೊಂಡು ಮಾವನವರು ಎರಡು ಮೀಟರ್ ಅಗಲದ ಕಲ್ಟಿವೇಟರನ್ನು ಕಟ್ಟಿ ಹೊಲಕ್ಕೆ ಇಳಿದರು. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ 6,000 ನ್ಯೂಟನ್ ಬಲದಿಂದ ಎಳೆದರೆ ಆಗುವ ಕೆಲಸ ಸುಮಾರು 9 ಅಶ್ವಶಕ್ತಿ. ಒಂದು ಜೊತೆ ಎತ್ತುಗಳು ಎಡೆಬಿಡದೆ ಕೊಡಬಲ್ಲುದು ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. ನಾಲ್ಕು ಎಕರೆಯ ಉಳುಮೆ ಮೂರು ತಾಸಿಗೆ ಮುಗಿಯಿತು. ತಿರುವುಗಳಲ್ಲಿ ಎಷ್ಟು ಕಾಲ ಕಳೆಯಿತೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. ಒಂದು ಎಕರೆಯೆಂದರೆ 4,047 ಚದರ ಮೀಟರ್.

ಯಂತ್ರವು ಹಟ ಹಿಡಿಯುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ. ಅದು ನಡೆಯುವಾಗ ಯಾವ ನಿಯಮಗಳನ್ನು ಪಾಲಿಸುತ್ತದೆಯೋ ನಿಂತಾಗಲೂ ಅವನ್ನೇ ಪಾಲಿಸುತ್ತಿರುತ್ತದೆ. ಕೇಳಬೇಕಾದ ಪ್ರಶ್ನೆಯನ್ನು ಕ್ರಮವಾಗಿ ಕೇಳಿ, ಅದು ಹೊಗೆಯಿಂದಲೋ ಸದ್ದಿನಿಂದಲೋ ಬಿಸಿಯಿಂದಲೋ ಕೊಡುವ ಉತ್ತರವನ್ನು ತಿಳಿದುಕೊಳ್ಳುವುದಷ್ಟೇ ನಮ್ಮ ಕೆಲಸ. ಸೂತ್ರವನ್ನು ನಾವು ಕಾಲೇಜಿನಲ್ಲಿ ಕಲಿತಿದ್ದೆವು. ಉತ್ತರವನ್ನು ಓದುವುದನ್ನು ಆ ವೃದ್ಧ ಮೇಸ್ತ್ರಿಗಳಿಂದ ಕಲಿತೆವು.