ಹಳೆಯ ಹೊಲಿಗೆಯ ಜಾಗದಲ್ಲಿ ಉಬ್ಬು

ಸಿಸೇರಿಯನ್ ಆಗಿ ವರ್ಷಗಳಾದ ಮೇಲೆ, ಕೆಮ್ಮಿದಾಗ ಹೊಟ್ಟೆಯ ಹಳೆಯ ಹೊಲಿಗೆಯ ಜಾಗ ಉಬ್ಬಿ, ಮಲಗಿದರೆ ಮಾಯವಾಗುತ್ತಿದೆಯೇ? ಅದನ್ನು ಬರೀ ಬೊಜ್ಜೆಂದು ತಳ್ಳಿಹಾಕಬೇಡಿ, ಹರ್ನಿಯಾ ಇರಬಹುದು. ಮೇಲೆ ಚರ್ಮ ಕೂಡಿದ್ದರೂ ಒಳಗಿನ ಸ್ನಾಯುಪದರ ಬಿಟ್ಟುಕೊಂಡು, ಆ ಸಂದಿನಿಂದ ಕರುಳು ಮುಂದೆ ಬರುತ್ತದೆ. ಬೆಲ್ಟ್ ಕಟ್ಟಿದರೆ ಹಿತವೆನಿಸೀತು, ಸಂದು ಮುಚ್ಚದು.

ಈ ಹರ್ನಿಯಾಕ್ಕೆ 1993ರಲ್ಲಿ ಮೊದಲು ವರದಿಯಾದ ಲ್ಯಾಪರೊಸ್ಕೋಪಿ ವಿಧಾನದಲ್ಲಿ ಹಳೆಯ ಗಾಯವನ್ನು ಉದ್ದಕ್ಕೂ ಕೊಯ್ಯುವುದಿಲ್ಲ. ಪಕ್ಕದಲ್ಲಿ ಮಾಡಿದ ಮೂರ್ನಾಲ್ಕು ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣಗಳನ್ನು ತೂರಿಸಿ, ಒಳಗಿನಿಂದಲೇ ಬಲೆಯ ತೇಪೆ ಹಾಕುತ್ತಾರೆ. ಗಾಯದಲ್ಲಿ ಕೀವಾಗುವ ಸಂಭವ ಕಡಿಮೆ. ಆದರೆ ಹರ್ನಿಯಾ ಮರುಕಳಿಸುವ ಸಾಧ್ಯತೆ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಇರುವಷ್ಟೇ. ಅಂಟಿಕೊಂಡ ಕರುಳನ್ನು ಬಿಡಿಸುವಾಗ ಅದಕ್ಕೆ ಪೆಟ್ಟಾಗುವ ಅಪಾಯವೂ ಉಂಟು.

ಉಬ್ಬು ಒಳಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.